ಓಡಾಡುವ ಚಿತ್ರಗಳ ಯಜಮಾನ

ನಮ್ಮ ಸೋದರಮಾವನ ಆಸ್ತಿಯೆಲ್ಲ ಚಕ್ರದ ಮೇಲಿದೆ. ನಗಬೇಡಿ, ಇದ್ದದ್ದನ್ನೇ ಹೇಳುತ್ತಿದ್ದೇನೆ! ಬೇರೆಯವರು ಬೆಳಿಗ್ಗೆ ಎದ್ದು, ತಮ್ಮ ಹೊಲಮನೆ ನಿನ್ನೆ ಇದ್ದಲ್ಲೇ ಇವೆ ಎಂದು ನೋಡಿ ಸಮಾಧಾನಪಡುತ್ತಾರೆ. ನಮ್ಮ ಮಾಮಾ ಎದ್ದವನೇ ಚಹಾದಂಗಡಿಗೆ ಹೋಗಿ, ತನ್ನ ಆಸ್ತಿ ಇವತ್ತು ಯಾವ ದಾರಿ ಹಿಡಿದಿದೆ, ಯಾವ ಸಕ್ಕರೆ ಕಾರ್ಖಾನೆಯ ಮುಂದೆ ಸರದಿಗೆ ನಿಂತಿದೆ, ಯಾವ ಕಾಲುವೆಯ ದಂಡೆಯಲ್ಲಿ ಕೆಸರು ಸಿಡಿಸಿಕೊಳ್ಳುತ್ತಿದೆ ಎಂದು ಕೇಳಿಕೊಂಡು ಬರುತ್ತಾನೆ. ಅಂಥ ಮನುಷ್ಯನ ಬಗ್ಗೆ ನಗುತ್ತಲೇ ಬರೆಯಬೇಕೆಂದು ಕೂತಿದ್ದೇನೆ. ನಡುವೆ ಎಲ್ಲಾದರೂ ನನ್ನ ಕೈ ನಡುಗಿದಂತೆ ಕಂಡರೆ ಮನ್ನಿಸಿ. ಕಾರಣ ಮುಂದೆ ಬರುತ್ತದೆ.

ಮಾಮಾ ಪೇಂಟರ್. ಗೋಡೆಗೆ ಬಣ್ಣ ಹೊಡೆಯುವ ಪೇಂಟರ್ ಅಂದುಕೊಂಡೀರಿ. ಹಾಗೆ ಯಾರಾದರೂ ಅಂದರೆ ಊಟದ ಮುಂದಿನಿಂದ ಎದ್ದು ಹೋಗುತ್ತಾನೆ. ಮೂಡಲಗಿಯಲ್ಲಿ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟುವ ಶೆಡ್ಡುಗಳಿವೆಯಲ್ಲ, ಅವುಗಳ ಬಾಜೂಕ್ಕೆ ಅವನದೊಂದು ತಗಡಿನ ಚಪ್ಪರ. ಕಬ್ಬು ಸಾಗಿಸುವ ಟ್ರೇಲರಿನ ಹಿಂಬದಿಯ ಹಲಗೆಯ ಮೇಲೆ ಚಿತ್ರ ಬರೆಯುವುದು ಅವನ ಕಸುಬು. ನವಿಲು, ಜೋಡೆತ್ತು, ಕಮಲ, ಗರ್ಜಿಸುವ ಸಿಂಹ. ನೀವು ಎಂದಾದರೂ ಗೋಕಾಕದಿಂದ ಹುಕ್ಕೇರಿಗೆ ಬಸ್ಸಿನಲ್ಲಿ ಹೋಗುವಾಗ, ಮುಂದಿನ ಟ್ರ್ಯಾಕ್ಟರ್ ದಾರಿ ಕೊಡದೆ, ಬಹಳ ಹೊತ್ತು ಒಂದು ನವಿಲಿನ ಮುಖ ನೋಡುತ್ತ ಕೂತಿದ್ದರೆ, ಆ ನವಿಲು ಬಹುಶಃ ನಮ್ಮ ಮಾಮಾನದು. ಬೈದುಕೊಂಡಿದ್ದರೆ ಆ ಬೈಗುಳದಲ್ಲಿ ನಮ್ಮ ಮನೆತನಕ್ಕೂ ಪಾಲಿದೆ!

ಈ ಕಸುಬಿನಲ್ಲಿ ಒಂದು ವಿಚಿತ್ರವಿದೆ. ಕಬ್ಬು ಕಡಿಯುವ ಹಂಗಾಮು ಶುರುವಾಗುವ ಮೊದಲು ರೈತರು ಟ್ರೇಲರಿಗೆ ಹೊಸ ಬಣ್ಣ ಹೊಡೆಸುತ್ತಾರೆ. ಹೊಸದು ಬರಬೇಕಾದರೆ ಹಳೆಯದು ಹೋಗಬೇಕು. ಹೋದ ವರ್ಷ ಕಣ್ಣಲ್ಲಿ ಕಣ್ಣಿಟ್ಟು ಬರೆದ ನವಿಲನ್ನು ಈ ವರ್ಷ ಮಾಮಾನೇ ಉಜ್ಜುಕಾಗದ ಹಿಡಿದು ಉಜ್ಜಿ ತೆಗೆಯುತ್ತಾನೆ. ತಾನು ಮಾಡಿದ್ದನ್ನು ತಾನೇ ಅಳಿಸಿ ಹೊಟ್ಟೆ ಹೊರೆಯುವ ಕಲಾವಿದನನ್ನು ನಾನು ಬೇರೆಲ್ಲೂ ಕಂಡಿಲ್ಲ. ಉಜ್ಜುವ ದಿನ ಅವನ ಜೊತೆ ಯಾರೂ ಮಾತಾಡಬಾರದು. ಮಾಮಿ ಕೂಡ ಆ ದಿನ ಚಹಾ ಇಟ್ಟು ಸುಮ್ಮನೆ ಬರುತ್ತಾಳೆ. ಮಾಮಿ ಸುಮ್ಮನಿರುವುದೆಂದರೆ ಅದು ಸಣ್ಣ ಮಾತಲ್ಲ.

ಹೀಗಿರುವಾಗ ದೊಡ್ಡ ಊರೊಂದರಲ್ಲಿ ಚಿತ್ರಕಾರರ ಕೂಟ ನಡೆಯುತ್ತದೆಂದು ಯಾರೋ ಹೇಳಿದರು. ಮಾಮಾ ಹೊಸ ಧೋತರ ಉಟ್ಟು ಹೊರಟೇಬಿಟ್ಟ. ಅಲ್ಲಿ ಕನ್ನಡಕದವರೊಬ್ಬರು ಕೇಳಿದರಂತೆ, "ನಿಮ್ಮ ಕೃತಿಗಳು ಎಲ್ಲಿವೆ?"

"ಕಾರ್ಖಾನಿ ಮುಂದ ಪಾಳೇದಾಗ ನಿಂತಾವ್ರಿ. ಸಂಜಿಮುಂದ ಖಾಲಿ ಆಗತಾವು," ಅಂದನಂತೆ ಮಾಮಾ.

ಇಡೀ ಸಭೆ ನಕ್ಕಿತು. ಮಾಮಾ ನಗಲಿಲ್ಲ. ಸೀದಾ ಗೋಕಾಕಕ್ಕೆ, ನಮ್ಮ ಮನೆಗೆ ಬಂದ. ನಾನು ಆಗ ತಾನೇ ಪದವಿ ಮುಗಿಸಿ, ಇಲ್ಲಿಯ ಕಂಪ್ಯೂಟರ್ ಕ್ಲಾಸೊಂದರಲ್ಲಿ ಕಲಿಸುತ್ತಿದ್ದೆ. ಮಾಮಾ ನನ್ನನ್ನು ಮುದ್ದಿನಿಂದ ಅವ್ವಿ ಎಂದೇ ಕರೆಯುವುದು.

"ಅವ್ವಿ, ಅಲ್ಲೆ ಒಬ್ಬ ತನ್ನ ಚಿತ್ರ ಎಲ್ಲಾ ಕಂಪ್ಯೂಟರಿನ್ಯಾಗ ಇಟ್ಟಾನಂತ. ಯಾವ ದೇಶದಾಗ ಕುಂತು ನೋಡಿದ್ರೂ ಕಾಣತಾವಂತ. ಖರೇನ?"

"ಖರೆ ಮಾಮಾ. ಅದಕ್ಕ ವೆಬ್‌ಸೈಟ್ ಅಂತಾರ."

"ಅಲ್ಲೆ ಯಾರೂ ಉಜ್ಜಂಗಿಲ್ಲ ಹೌದಿಲ್ಲೊ?"

ಉಜ್ಜುವುದಿಲ್ಲ ಅಂದೆ. ಅಷ್ಟೇ. ಆ ಒಂದು ಮಾತಿನಿಂದ ನನ್ನ ಸೋಮವಾರಗಳೆಲ್ಲ ಹೋದವು.

ಪುಕ್ಕಟೆ ಜಾಗ ಕೊಡುವ ಪರದೇಶದ ಕಂಪನಿಯೊಂದರಲ್ಲಿ ಸೈಟು ಕಟ್ಟಿದೆ. ಕನ್ನಡ ಅಕ್ಷರ ಹಾಕಿದರೆ ಬರೀ ಚೌಕಟ್ಟುಗಳು ಕಾಣುತ್ತಿದ್ದವು. ಅದಕ್ಕೂ ಮಾಮಾನ ಹತ್ತಿರ ಉಪಾಯವಿತ್ತು. ಟ್ರೇಲರುಗಳ ಊರಿನ ಹೆಸರನ್ನೆಲ್ಲ ತಗಡಿನ ಮೇಲೆ ಕುಂಚದಿಂದ ಬರೆದು, ಅವುಗಳ ಫೋಟೋ ಹೊಡೆಸಿದ. ಹಾಗಾಗಿ ಸೈಟು ತೆರೆದರೆ ಕೌಜಲಗಿ, ನಾಗನೂರ, ಹುಕ್ಕೇರಿ ಎಂದು ಕೆಂಪು ಹಳದಿ ಅಕ್ಷರಗಳು ಲಾರಿಯ ಹಣೆಯ ಮೇಲಿದ್ದಂತೆ ಹೊಳೆಯುತ್ತಿದ್ದವು. ಇಂಥ ಸೈಟು ಲಂಡನ್ನಿನಲ್ಲೂ ಇರಲಿಕ್ಕಿಲ್ಲ!

ಮೊದಲ ದಿನ ಸೈಬರ್ ಕೆಫೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಮಾಮಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಪುಟ ನಿಧಾನಕ್ಕೆ ಮೇಲಿನಿಂದ ಕೆಳಕ್ಕೆ ಇಳಿಯತೊಡಗಿತು. ಮೊದಲು ಎತ್ತಿನ ಕೋಡು, ಆಮೇಲೆ ಹಣೆ, ಆಮೇಲೆ ಕಣ್ಣು. ಮಾಮಾ ಕೈಮುಗಿದ. ಆದರೆ ಪುಕ್ಕಟೆ ಕೊಡುವವರು ಸುಮ್ಮನೆ ಕೊಡುತ್ತಾರೆಯೇ? ಎತ್ತು ಪೂರ್ತಿ ಮೂಡಿದ ಮೇಲೆ ಅದರ ನೆತ್ತಿಯ ಮೇಲೆ ಜಾಹೀರಾತೊಂದು ತೆರೆದುಕೊಂಡಿತು. ಅದರೊಳಗೆ ಒಬ್ಬಳು ಬಿಳಿ ಹೆಂಗಸು, ಮೈಮೇಲೆ ಅಂಥ ಬಟ್ಟೆಯೇನೂ ಇಲ್ಲ, ಕಣ್ಣು ಹೊಡೆಯುತ್ತಿದ್ದಾಳೆ!

"ಯಾರ ಈಕಿ?" ಮಾಮಾ ಅಂಗಡಿಯೆಲ್ಲ ಕೇಳುವಂತೆ ಕೂಗಿದ. "ನಮ್ಮ ಬಸವಣ್ಣನ ತಲಿಮ್ಯಾಲ ಯಾಕ ಕುಂತಾಳ?"

"ಅದು ಜಾಹೀರಾತು ಮಾಮಾ. ತೆಗಿಯಾಕ ಬರಂಗಿಲ್ಲ. ಜಾಗಾ ಅವರದು."

ಮಾಮಾ ಪರದೆಯ ಮೇಲೆ ಬೆರಳಿಟ್ಟ. "ಹಂಗಾದ್ರ ಒಂದ ಕೆಲಸ ಮಾಡು. ಬಸವಣ್ಣನ ಕೆಳಗ ಇಳಸು. ಮ್ಯಾಲ ಸಿಂಹ ಇಡು. ಸಿಂಹ ಅಕಿನ್ನ ನೋಡಿಕೊಳ್ಳಲಿ."

ಸೈಟಿನ ಮೊದಲ ಮರುಜೋಡಣೆ ಆದದ್ದು ಹೀಗೆ.

ಇನ್ನು ನೀವು ಕೇಳಬಹುದು: ಚಿತ್ರ ಬರೆದು ಮುಗಿಸಿದ ಕೂಡಲೇ ಚಪ್ಪರದಲ್ಲೇ ಫೋಟೋ ತೆಗೆದುಕೊಂಡರೆ ಆಗಲಿಲ್ಲವೇ? ನಾನೂ ಕೇಳಿದೆ. ಕೇಳಬಾರದಿತ್ತು.

"ಮದುವಿ ದಿನ ಯಾವ ಮದಿಮಗಳು ಚೊಲೊ ಕಾಣಂಗಿಲ್ಲ ಹೇಳು? ವರ್ಷಾ ದಾಟಲಿ. ಧೂಳಾ ತಿನ್ನಲಿ, ಮಳೀಗೆ ನೆನೀಲಿ, ಬಿಸಲಾಗ ಸುಡಲಿ. ಆಮ್ಯಾಲೂ ಮುಖದಾಗ ಕಳಾ ಉಳಿದಿದ್ರ ಅದು ಕೆಲಸ. ಇಲ್ಲಾಂದ್ರ ಬರೀ ಬಣ್ಣ."

"ಅಯ್ಯ! ಹಂಗಂತ ನನ್ನ ಫೋಟೋ ಯಾವಾಗ ತೆಗಸ್ತೀರಿ?" ಅಂದಳು ಒಳಗಿನಿಂದ ಮಾಮಿ. ಮಾಮಾ ಕೇಳಿಸದವನಂತೆ ಹೊರಗೆ ಹೋದ.

ಆದ್ದರಿಂದ ಒಂದು ಹಂಗಾಮು ಓಡಿದ ಟ್ರೇಲರುಗಳನ್ನೇ ಹುಡುಕಿ ಹುಡುಕಿ ಫೋಟೋ ತೆಗೆಯಬೇಕಾಗಿತ್ತು. ಕಬ್ಬು ಹೇರಿದಾಗ ಕಬ್ಬಿನ ತುದಿಗಳು ಇಳಿಬಿದ್ದು ಹಲಗೆ ಕಾಣುವುದಿಲ್ಲ. ಕಾರ್ಖಾನೆಯ ಸರದಿಯಲ್ಲಿ ಒಂದರ ಮೂತಿ ಇನ್ನೊಂದರ ಬೆನ್ನಿಗೆ ಅಂಟಿರುತ್ತದೆ. ಖಾಲಿಯಾಗಿ ಮನೆಗೆ ಮರಳುವಾಗ ಮಾತ್ರ ಚಿತ್ರ ಸಿಗುತ್ತದೆ, ಆಗ ನೋಡಿದರೆ ಅವು ಹಗ್ಗ ಬಿಚ್ಚಿದ ಕರುಗಳಂತೆ ಓಡುತ್ತವೆ! ಮಾಮಾ ಸ್ಕೂಟರ್ ಓಡಿಸುವುದು, ಹಿಂದೆ ಕೂತು ನಾನು ಫೋಟೋ ಸ್ಟುಡಿಯೋದವರಿಂದ ತಂದ ಡಿಜಿಟಲ್ ಕ್ಯಾಮೆರಾ ಎದೆಗವಚಿಕೊಳ್ಳುವುದು, ಮುಂದೆ ಹೋಗಿ ಅಡ್ಡ ನಿಂತು ಟ್ರ್ಯಾಕ್ಟರ್ ನಿಲ್ಲಿಸುವುದು. ಡ್ರೈವರುಗಳಿಗೆ ರೂಢಿಯಾಗಿತ್ತು. "ಬಂದ್ರಪಾ ಪೇಂಟರ್ರು, ಹೆಣ್ಣ ನೋಡಾಕ!" ಎನ್ನುತ್ತ ತಾವಾಗಿಯೇ ನಿಲ್ಲಿಸುತ್ತಿದ್ದರು. ಕೆಲವರು ಹಲಗೆಗೆ ನೀರು ಹಾಕಿ ಒರೆಸಲು ಹೋಗಿ ಮಾಮಾನಿಂದ ಬೈಸಿಕೊಳ್ಳುತ್ತಿದ್ದರು.

ಚಿತ್ರಗಳನ್ನು ಒಟ್ಟುಮಾಡಿದರೆ ಸಾಕೇ? ಹೊಂದಿಸಬೇಕಲ್ಲ! ಮಾಮಾ ಮಾಡಿದ ಪುಟಗಳು ಮೂರು. ಓಡಾಡುವವು, ನಿಂತವು, ಹೋದವು. ಈಗಲೂ ರಸ್ತೆಯಲ್ಲಿದ್ದರೆ ಮೊದಲ ಪುಟ. ಟ್ರೇಲರ್ ಕೆಟ್ಟು ಹಿತ್ತಲಿಗೆ ಬಿದ್ದಿದ್ದರೆ ಎರಡನೆಯದು. ಚಿತ್ರವನ್ನು ಉಜ್ಜಿ ತೆಗೆದಿದ್ದರೆ ಮೂರನೆಯದು. ಮೂರನೆಯ ಪುಟದ ಚಿತ್ರಗಳಿಗೆಲ್ಲ ಹಾರ ಹಾಕಬೇಕೆಂದು ಹಟ ಹಿಡಿದ. ತೀರಿಕೊಂಡ ಹಿರಿಯರ ಫೋಟೋಗೆ ಹಾಕುತ್ತೇವಲ್ಲ, ಹಾಗೆ! ನಾನು ಕಂಪ್ಯೂಟರಿನಲ್ಲಿ ಕೂತು ಒಂದು ಚೆಂಡುಹೂವಿನ ಹಾರ ಬಿಡಿಸಿ, ಅದನ್ನೇ ನವಿಲಿಗೂ ಎತ್ತಿಗೂ ಸಿಂಹಕ್ಕೂ ತೊಡಿಸಿದೆ. ಮಾಮಾ ನೋಡಿ, "ಸಿಂಹಕ್ಕ ಸಣ್ಣದಾತು, ಉಸಿರು ಕಟ್ಟತೈತಿ," ಎಂದ. ಹಾರ ದೊಡ್ಡದು ಮಾಡಿದೆ.

ಸೋಮವಾರ ಅವನು ಮೂಡಲಗಿಯಿಂದ ಬಸ್ಸು ಹತ್ತಿ ಗೋಕಾಕಕ್ಕೆ ಬರುತ್ತಿದ್ದ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಆಸ್ಪತ್ರೆಯಲ್ಲಿರುವವರನ್ನು ನೋಡಲು ಬಂದಂತೆ ಸೈಬರ್ ಕೆಫೆಯ ಬೆಂಚಿನಲ್ಲಿ ಕಾಯುತ್ತಿದ್ದ. ಎಲ್ಲ ಚಿತ್ರಗಳೂ ಇದ್ದಲ್ಲೇ ಇವೆ ಎಂದು ಒಂದೊಂದಾಗಿ ನೋಡಬೇಕು. ಒಮ್ಮೆ ಸಂಪರ್ಕ ಕಡಿದು ಬರೀ ಬಿಳಿ ಪುಟ ಬಂತು. "ಎಲ್ಲಾ ಉಜ್ಜಿದರು!" ಎಂದು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ಕೆಫೆಯ ಮಾಲಕರು ನೀರು ಕೊಟ್ಟು, "ಮಾಮಾ, ಫೋನಿನ ಲೈನ್ ಹೋಗೇತ್ರಿ, ನಿಮ್ಮ ಎತ್ತು ಎಲ್ಲೂ ಹೋಗಿಲ್ಲ," ಎಂದು ಸಂತೈಸಬೇಕಾಯಿತು.

ಇಷ್ಟರಲ್ಲಿ ನಾಗನೂರಿನಿಂದ ಜಗಳವೊಂದು ಬಂತು. ಅಣ್ಣತಮ್ಮಂದಿರ ಮಕ್ಕಳಿಬ್ಬರು, ಒಬ್ಬರ ಮುಖ ಒಬ್ಬರು ನೋಡದವರು, ಒಂದೇ ದಿನ ಬೇರೆ ಬೇರೆ ಬಸ್ಸಿನಲ್ಲಿ ಮೂಡಲಗಿಗೆ ಬಂದಿಳಿದರು. ಮೊದಲು ಬಂದವರೇ ಶುರುಮಾಡಿದರು.

"ಪೇಂಟರ್ರ, ಕಂಪ್ಯೂಟರಿನ್ಯಾಗ ಅವನ ಟ್ರೇಲರ್ ಮ್ಯಾಲ, ನಂದು ಕೆಳಗ ಐತಂತ. ನಾ ಏನ ಅವನ ಕೈಕೆಳಗಿನ ಆಳ?"

"ನೀವು ನೋಡೀರೇನ್ರಿ?" ಮಾಮಾ ಕೇಳಿದ.

"ನಾ ಯಾಕ ನೋಡಲಿ? ಊರೆಲ್ಲಾ ಅನ್ನಾಕತ್ತೈತಿ!"

ಕಂಪ್ಯೂಟರನ್ನೇ ಕಾಣದ ಊರು ಅದರೊಳಗಿನ ಮೇಲು ಕೆಳಗನ್ನು ಎಷ್ಟು ಚೆನ್ನಾಗಿ ಕಂಡಿತ್ತು! ಮಾಮಾ ಎರಡನ್ನೂ ಪಕ್ಕಪಕ್ಕ ಹಾಕಿಸಿದ. ಈಗ ಬಲಗಡೆ ಯಾರು ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಒಂದು ಸೋಮವಾರ ಒಬ್ಬರು ಬಲಕ್ಕೆ, ಮುಂದಿನ ಸೋಮವಾರ ಇನ್ನೊಬ್ಬರು ಎಂದು ತೀರ್ಮಾನವಾಯಿತು. ಅದಲುಬದಲು ಮಾಡುವ ಕೆಲಸ ಯಾರದು? ಪದವಿ ಪಡೆದದ್ದು ಯಾತಕ್ಕೆ ಎಂದು ನಮ್ಮ ಅಪ್ಪ ಕೇಳಿದಾಗಲೆಲ್ಲ ನನಗೆ ನಾಗನೂರಿನ ಆ ಎರಡು ಟ್ರೇಲರುಗಳೇ ಕಣ್ಣಮುಂದೆ ಬರುತ್ತಿದ್ದವು.

ಈಗ ನಾಯಿಯ ವಿಷಯಕ್ಕೆ ಬರುತ್ತೇನೆ. ಬಾರದೆ ವಿಧಿಯಿಲ್ಲ.

ಕೌಜಲಗಿಯ ರೈತರೊಬ್ಬರು ಹೊಸ ಟ್ರೇಲರಿಗೆ ಸಿಂಹ ಬರೆಯಲು ಹೇಳಿದ್ದರು. ಮಾಮಾ ಅಳತೆ ನೋಡಲು ಅವರ ಮನೆಗೆ ಹೋದಾಗ ಅಂಗಳದಲ್ಲಿ ಒಂದು ಮುದಿ ನಾಯಿ ಮಲಗಿತ್ತು. ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ಅರೆ ತೆರೆದು. ಬಂದವರು ಯಾರೆಂದು ನೋಡುವ ಕರ್ತವ್ಯವನ್ನೂ ಬಿಟ್ಟಿಲ್ಲ, ನಿದ್ದೆಯನ್ನೂ ಬಿಟ್ಟಿಲ್ಲ. ಮಾಮಾನಿಗೆ ಸಿಂಹ ಮರೆತೇಹೋಯಿತು. ಹಲಗೆಯ ತುಂಬ ಆ ನಾಯಿಯನ್ನೇ ಬರೆದುಬಿಟ್ಟ. ರೈತರು ಬಂದು ನೋಡಿದರು.

"ಏನ್ರಿ ಇದು? ಸಿಂಹ ಎಲ್ಲೈತಿ?"

"ಮಲಗೈತ್ರಿ," ಎಂದ ಮಾಮಾ.

ಅವರು ಸಿಟ್ಟಿನಿಂದಲೇ ಟ್ರೇಲರ್ ಒಯ್ದರು. ಆದರೆ ಮಳೆಗಾಲದಲ್ಲಿ ಆ ನಾಯಿ ಸತ್ತಿತು. ಆಮೇಲೆ ಅವರು ಹಲಗೆಯ ಬಗ್ಗೆ ತಕರಾರೆತ್ತಲಿಲ್ಲ. ದಿನಾ ಸಂಜೆ ನಾಯಿಯ ಮುಖ ಅಂಗಳದ ಕಡೆ ಬರುವಂತೆ ಟ್ರೇಲರ್ ನಿಲ್ಲಿಸುತ್ತಿದ್ದರಂತೆ. ಮಾಮಾ ಆ ಚಿತ್ರವನ್ನು ಇನ್ನೂ ಸೈಟಿಗೆ ಸೇರಿಸಿರಲಿಲ್ಲ. ವರ್ಷ ತುಂಬಲಿ ಎಂದು ಕಾದಿದ್ದ. ತನ್ನ ಕೆಲಸಗಳಲ್ಲೆಲ್ಲ ಅದೇ ಶ್ರೇಷ್ಠ ಎಂದು ಅವನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಮರುವರ್ಷ ಕಬ್ಬಿನ ಕಡಿತ ಶುರುವಾಗಿ ಸ್ವಲ್ಪ ದಿನಕ್ಕೆ ಸುದ್ದಿ ಬಂತು. ಆ ಟ್ರ್ಯಾಕ್ಟರ್, ಟ್ರೇಲರ್ ಎರಡನ್ನೂ ಹುಕ್ಕೇರಿ ಕಡೆಯವರಿಗೆ ಮಾರಿದ್ದಾರೆ. ಹೊಸ ಮಾಲಕರು ನಾಯಿಯನ್ನು ಉಜ್ಜಿಸಿ ಸಿಂಹ ಬರೆಸುವವರಿದ್ದಾರೆ. ಡ್ರೈವರ್ ಇವತ್ತೇ ಹೊರಟಿದ್ದಾನೆ. ಮಾಮಾ ಕ್ಲಾಸಿನ ಬಾಗಿಲಲ್ಲಿ ಬಂದು ನಿಂತ. ಹಣೆಯಲ್ಲಿ ವಿಭೂತಿಯೂ ಇಲ್ಲ.

"ಅವ್ವಿ, ಕ್ಯಾಮೆರಾ ತಗೊ. ಇವತ್ತ ಸಿಗಲಿಲ್ಲಂದ್ರ ಆ ನಾಯಿ ಎಲ್ಲೂ ಇರಂಗಿಲ್ಲ."

ಘಟಪ್ರಭಾ ದಾಟಿ ಎಷ್ಟೋ ದೂರ ಹೋದ ಮೇಲೆ ಟ್ರೇಲರ್ ಕಂಡಿತು. ಕಾಲುವೆಯ ಸೇತುವೆಗೆ ಏರುವ ದಿಬ್ಬದ ಮೇಲೆ ಅದು ಹತ್ತುತ್ತಿತ್ತು. ಮಧ್ಯಾಹ್ನ ಇಳಿಯುತ್ತಿದ್ದ ಬಿಸಿಲು ಓರೆಯಾಗಿ ಹಲಗೆಯ ಮೇಲೆ ಬಿದ್ದು, ಧೂಳಿನ ಹಿಂದಿನಿಂದ ಆ ಅರೆ ತೆರೆದ ಕಣ್ಣು ನಮ್ಮನ್ನೇ ನೋಡುತ್ತಿತ್ತು. "ಇಲ್ಲೇ! ಇಲ್ಲೇ ನಿಲ್ಲಸಪಾ!" ಎಂದು ಮಾಮಾ ಕೂಗಿದ. ಡ್ರೈವರ್ ನಡುವಯಸ್ಸಿನ ಮನುಷ್ಯ, ಮಾಮಾನನ್ನು ಬಲ್ಲವನು. ನಿಲ್ಲಿಸಿ, ಕೆಳಗಿಳಿದು, ಹಿಂದಿನ ಗಾಲಿಗೆ ಒಂದು ದಪ್ಪ ಕಲ್ಲು ಕೊಟ್ಟ.

"ಲಗೂನ ಮುಗಸ್ರಿ ಪೇಂಟರ್ರ. ಹೊಸ ಮಾಲಕರು ಹಾದಿ ಕಾಯಾಕತ್ತಾರ."

"ಒಂದ ಫೋಟೋ. ನಿನ್ನ ಟ್ರ್ಯಾಕ್ಟರ್ ಏನ ಓಡಿ ಹೋಗತೈತೇನ?"

"ಓಡಿ ಹೋಗತೈತ್ರಿ! ಬ್ರೇಕ್ ಸರಿ ಹಿಡಿಯಂಗಿಲ್ಲ. ಅದಕ್ಕ ಕಲ್ಲ ಕೊಟ್ಟೇನಿ," ಎಂದು ಹೇಳಿ, ಕ್ಯಾನ್ ಹಿಡಿದು ಕಾಲುವೆಯ ಕಡೆ ನೀರಿಗೆ ಹೋದ.

ನಾನು ದಿಬ್ಬದ ಕೆಳಗೆ, ರಸ್ತೆಯ ನಡುವೆ ನಿಂತು ಒಂದು ಫೋಟೋ ತೆಗೆದೆ. ಮಾಮಾ ಬಂದು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಇಣುಕಿ ನೋಡಿದ. ಹುಬ್ಬು ಗಂಟಿಕ್ಕಿತು.

"ಇದೇನ ಇದು, ನಾಯಿ ಬಾಲದ ಕೆಳಗ?"

ಕಲ್ಲು. ಚಿತ್ರದಲ್ಲಿ ಅದು ಸರಿಯಾಗಿ ಬಾಲದ ಬುಡಕ್ಕೇ ಬಂದಿತ್ತು. ಆ ಕೋನದಿಂದ ನೋಡಿದರೆ ಅದು ಕಲ್ಲಿನಂತೆ ಕಾಣುತ್ತಿರಲಿಲ್ಲ. ನಾಯಿ ಏನೋ ಮಾಡಿಟ್ಟು ಮಲಗಿದಂತೆ ಕಾಣುತ್ತಿತ್ತು!

"ನಾಲ್ಕ ದೇಶದವರು ನೋಡ್ತಾರ. ಏನ ಅಂದಾರು!" ಎನ್ನುತ್ತ ಮಾಮಾ ಮೇಲೆ ಹೋದ. ಬಗ್ಗಿ, ಎರಡೂ ಕೈಯಿಂದ ಕಲ್ಲನ್ನು ಎಳೆದು ತೆಗೆದು, ಎತ್ತಿಕೊಂಡು ರಸ್ತೆಯ ಬದಿಗೆ ನಡೆದ. "ಈಗ ತಗಿ!" ಎಂದ.

ನಾನು ಪರದೆಯಲ್ಲಿ ನೋಡಿದೆ. ಕಲ್ಲಿಲ್ಲದ ನಾಯಿ ಬಹಳ ಚೆನ್ನಾಗಿ ಕಂಡಿತು. ಸ್ವಚ್ಛವಾಗಿ, ಒಂದು ಒಳ್ಳೆಯ ಫೋಟೋ ಬಂತು. ಇನ್ನೊಂದು ತೆಗೆಯೋಣವೆಂದು ಹಾಗೇ ಹಿಡಿದೆ. ಪರದೆಯಲ್ಲಿ ನಾಯಿ ದೊಡ್ಡದಾಗತೊಡಗಿತು. ಹತ್ತಿರದಿಂದ ತೋರಿಸುವ ಗುಂಡಿಯನ್ನು ತಪ್ಪಿ ಒತ್ತಿದೆನೇನೋ ಅಂದುಕೊಂಡೆ. ಬೆರಳು ಎತ್ತಿದೆ. ನಾಯಿ ಇನ್ನೂ ದೊಡ್ಡದಾಯಿತು. ಬಾಲ ಪರದೆಯಿಂದ ಹೊರಗೆ ಹೋಯಿತು, ಕಾಲು ಹೊರಗೆ ಹೋದವು. ಮುಖ. ಆಮೇಲೆ ಬರೀ ಆ ಕಣ್ಣು; ಆಗ ನನ್ನ ಬೆರಳು ತಾನಾಗಿ ಫೋಟೋದ ಗುಂಡಿ ಒತ್ತಿತು. ಸದ್ದು ಕೇಳಿಸಿತೇ ಎಂದು ಎಲ್ಲರೂ ಕೇಳುತ್ತಾರೆ. ನನಗೆ ನೆನಪಿರುವುದು ಸದ್ದಲ್ಲ. ಇಷ್ಟು ಹತ್ತಿರದಿಂದ ನೋಡಿದರೂ ಕುಂಚದ ಗೆರೆ ಎಷ್ಟು ಸಪೂರವಾಗಿದೆ ಎಂದು ಅಂದುಕೊಂಡದ್ದು ನೆನಪಿದೆ.

ಪಕ್ಕದಿಂದ ಏನೋ ಬಂದು ಬಡಿಯಿತು. ನಾನು ರಸ್ತೆಬದಿಯ ತಗ್ಗಿನಲ್ಲಿ, ಜಾಲಿಕಂಟಿಯೊಳಗೆ ಬಿದ್ದಿದ್ದೆ. ಬಡಿದದ್ದು ಟ್ರೇಲರ್ ಅಲ್ಲ, ಮಾಮಾ. ಕಲ್ಲು ಬಿಸಾಕಿ ಓಡಿಬಂದು ನನ್ನನ್ನು ನೂಕಿದ್ದ. ಟ್ರೇಲರಿನ ಮೂಲೆ ಅವನ ಬಲಗೈಗೆ ತಾಗಿ, ಅವನನ್ನು ಒಂದು ಸುತ್ತು ತಿರುಗಿಸಿ ಬೀಳಿಸಿ, ಮುಂದೆ ಹೋಗಿ, ಅಡ್ಡ ತಿರುಗಿ, ಆಚೆ ಬದಿಯ ತಗ್ಗಿಗೆ ಕುಸಿದು ನಿಂತಿತು. ಅದರ ಹಿಂದೆಯೇ ಟ್ರ್ಯಾಕ್ಟರ್. ಡ್ರೈವರ್ ನೀರಿನ ಕ್ಯಾನ್ ಚೆಲ್ಲಿ ಓಡಿಬಂದ. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ಹೊತ್ತಿನಲ್ಲಿ ಒಂದು ಬಸ್ಸು ಬಂದಿದ್ದರೆ ಎಂದು ಈಗಲೂ ಲೆಕ್ಕ ಹಾಕುತ್ತೇನೆ.

"ಕಲ್ಲ ಎಲ್ಲಿ ಹೋತ್ರಿ?" ಡ್ರೈವರ್ ಕೇಳಿದ.

"ನಾ ತಗದೇನಪಾ," ಎಂದ ಮಾಮಾ, ನೆಲದ ಮೇಲೆ ಕೂತೇ. "ನಿಂದೇನ ತಪ್ಪಿಲ್ಲ. ಯಾರ ಕೇಳಿದ್ರೂ ಪೇಂಟರ್ ತಗದಾನಂತ ಹೇಳು."

ಗೋಕಾಕದ ಆಸ್ಪತ್ರೆಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೂ ಪ್ಲಾಸ್ಟರ್ ಹಾಕಿದರು. ಏನು ತಾಗಿತು ಎಂದು ಡಾಕ್ಟರ್ ಕೇಳಿದರೆ, "ನಂದ ಕೆಲಸ ರೀ," ಎಂದ. ಕೆಲಸ ಮಾಡುವಾಗ ಎಂದು ಅವರು ಬರೆದುಕೊಂಡರು. ಮಾಮಿ ಮೂಡಲಗಿಯಿಂದ ಬಂದವಳು ಮೊದಲು ಅತ್ತಳು, ಅತ್ತು ಮುಗಿಸಿ ಶುರುಮಾಡಿದಳು.

"ಇಳಿಜಾರಿನ್ಯಾಗ ಗಾಲಿ ಕೆಳಗಿನ ಕಲ್ಲ ತಗದ್ರ ಗಾಡಿ ಅಲ್ಲೇ ನಿಂದರತೈತಿ ಅಂತ ಯಾವ ಸಾಲಿಯೊಳಗ ಕಲಿಸ್ಯಾರ್ರಿ ನಿಮಗ?"

"ಚಿತ್ರ ಕೆಡತಿತ್ತು."

"ಚಿತ್ರ ಕೆಡತಿತ್ತಂತ! ಎಷ್ಟೋ ಮಂದಿಗೆ ಬದುಕಿದ್ದ ನಾಯಿ ಕಡೀತಾವು. ನಿಮಗ ನೋಡ್ರಿ, ಸತ್ತಿದ್ದ ನಾಯಿ ಕಡೀತು!"

ಪಕ್ಕದ ಹಾಸಿಗೆಯವರೂ ನಕ್ಕರು. ನರ್ಸ್ ನಕ್ಕಳು. ನಾನೂ ನಕ್ಕೆ.

ನಿಜ ಹೇಳಬೇಕೆಂದರೆ ಆ ದಿನ ನಾನು ಹೆದರಲಿಲ್ಲ. ಹೆದರಿಕೆ ಆಮೇಲೆ ಬಂತು. ಕ್ಲಾಸಿನಲ್ಲಿ ಯಾರಾದರೂ ಚಿತ್ರವೊಂದನ್ನು ಪರದೆಯ ತುಂಬ ದೊಡ್ಡದು ಮಾಡಿದರೆ ನನ್ನ ಕುರ್ಚಿ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ರಸ್ತೆಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿದರೆ ಹತ್ತಿರದ ಅಂಗಡಿಯೊಳಗೆ ಹೋಗಿ ಬೇಡದ ಸಾಮಾನಿನ ಬೆಲೆ ಕೇಳುತ್ತ ನಿಲ್ಲುತ್ತಿದ್ದೆ. ಕಬ್ಬಿನ ಹಂಗಾಮಿನಲ್ಲಿ ಗೋಕಾಕದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳದ ಹೊತ್ತು ಎಲ್ಲಿದೆ? ಊರಿನ ಅಂಗಡಿಯವರೆಲ್ಲ ನನ್ನನ್ನು ಬಹಳ ಚೌಕಾಶಿಯವಳು ಎಂದುಕೊಂಡಿರಬೇಕು! ಮನೆಯವರಿಗೆ ಏನೂ ಹೇಳಲಿಲ್ಲ. ಮುಳ್ಳಿನ ಗೀರು ಬಿಟ್ಟರೆ ಏನೂ ಆಗದವಳು ಏನೆಂದು ಹೇಳಲಿ?

ಸೈಟಿನ ಕಡೆ ಹೋಗುವುದನ್ನೂ ಬಿಟ್ಟೆ. ಕ್ಯಾಮೆರಾದಲ್ಲಿದ್ದ ಫೋಟೋಗಳನ್ನು ಸ್ಟುಡಿಯೋದವರು ನಮ್ಮ ಕ್ಲಾಸಿನ ಕಂಪ್ಯೂಟರಿಗೆ ಇಳಿಸಿಕೊಟ್ಟು, ಕ್ಯಾಮೆರಾ ಖಾಲಿ ಮಾಡಿ ಒಯ್ದಿದ್ದರು. ನಾನು ಅವನ್ನು ತೆರೆಯಲೇ ಇಲ್ಲ. ಸೋಮವಾರಗಳು ಬಂದು ಹೋದವು. ನಾಗನೂರಿನ ಇಬ್ಬರಲ್ಲಿ ಒಬ್ಬರು ಬಲಗಡೆಯೇ ಉಳಿದುಬಿಟ್ಟರು. ಎಡಗಡೆಯವರು ಊರಿನಲ್ಲಿ ಪಂಚಾಯ್ತಿ ಕೂಡಿಸುತ್ತೇನೆ ಎಂದು ಹೇಳಿ ಕಳಿಸಿದರು. ಕೂಡಿಸಲಿ ಎಂದು ಬಿಟ್ಟೆ.

ಅಷ್ಟರಲ್ಲಿ ಹುಕ್ಕೇರಿಯಲ್ಲಿ ಬೇರೆ ಪೇಂಟರ್ ಆ ಹಲಗೆಯ ಮೇಲೆ ಸಿಂಹ ಬರೆದಾಗಿತ್ತು.

ಪ್ಲಾಸ್ಟರ್ ಬಿಚ್ಚಿ ಕೆಲವು ದಿನಗಳ ಮೇಲೆ ಒಂದು ಸಂಜೆ, ಕ್ಲಾಸು ಮುಗಿಯುವ ಹೊತ್ತಿಗೆ ಮಾಮಾ ಬಂದ. ಬಲಗೈ ಬಡಕಲಾಗಿ, ಯಾರದೋ ಕೈ ತಂದು ಜೋಡಿಸಿದಂತೆ ಕಾಣುತ್ತಿತ್ತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

"ನಾಯಿ ತೋರ್ಸು."

ತೆರೆದೆ. ಮೊದಲು ಕಲ್ಲಿದ್ದದ್ದು. ಆಮೇಲೆ ಆ ಒಳ್ಳೆಯ ಫೋಟೋ. ಮಾಮಾ ಬಹಳ ಹೊತ್ತು ನೋಡಿದ. ಇಳಿಬಿಸಿಲು, ಧೂಳು, ಒಂದು ವರ್ಷ ರಸ್ತೆಯಲ್ಲಿ ಓಡಿಯೂ ನಿದ್ದೆ ಕೆಡದ ನಾಯಿ. ಅವನ ಮುಖದಲ್ಲಿ ನಾನು ಹಿಂದೆಂದೂ ಕಾಣದ ತೃಪ್ತಿಯಿತ್ತು. "ಹಾ," ಎಂದ, ಅಷ್ಟೇ. ಮುಂದಿನದು ಇದೆಯೇನು ಎಂದು ಕೇಳಿದ. ಒತ್ತಿದೆ. ಪರದೆಯ ತುಂಬ ಕಣ್ಣು.

ನಾನು ಏನೂ ಮಾಡಲಿಲ್ಲ ಅಂದುಕೊಂಡಿದ್ದೆ. ಆದರೆ ಮೌಸು ಮೇಜಿನ ಮೇಲೆ ಕಟಕಟ ಸದ್ದು ಮಾಡುತ್ತಿತ್ತು. ಮಾಮಾ ಪರದೆ ಬಿಟ್ಟು ನನ್ನ ಕೈಯನ್ನೇ ನೋಡಿದ. ಆಮೇಲೆ ನನ್ನ ಮುಖವನ್ನು. ಅಲ್ಲಿಯವರೆಗೆ ಅವನಿಗೆ ಗೊತ್ತಿರಲಿಲ್ಲ.

"ತಗದಬಿಡು," ಎಂದ.

"ಇದೊಂದ ತೆಗೀತೀನಿ ಮಾಮಾ. ಚೊಲೊ ಬಂದದ್ದನ್ನ ಸೈಟಿಗೆ ಹಾಕೂಣು."

"ಮೂರೂ ತಗಿ."

"ಹಲಗಿ ಮ್ಯಾಲ ಈಗ ಸಿಂಹ ಐತಿ. ಇಲ್ಲಿಂದನೂ ತಗದ್ರ ಅದು ಎಲ್ಲೂ ಉಳಿಯಂಗಿಲ್ಲ. ನಿನ್ನ ಎಲ್ಲಾದಕ್ಕಿಂತ ಚೊಲೊ ಕೆಲಸ ಅದು."

"ಹೌದು. ಎಲ್ಲೆ ಒತ್ತಬೇಕ ಹೇಳು."

ತೋರಿಸಿದೆ. ಆ ಬಡಕಲು ಬೆರಳಿನಿಂದ ಅವನೇ ಒತ್ತಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು.

"ಏನಂತೈತಿ?"

"ಖಾತ್ರಿ ಐತೇನ ಅಂತ ಕೇಳಾಕತ್ತೈತಿ."

"ಐತಿ ಅಂತ ಹೇಳು."

ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಅವು ಇನ್ನೂ ಬಿದ್ದಿರುತ್ತವೆ, ಬೇಕೆಂದಾಗ ತೆಗೆದುಕೊಳ್ಳಬಹುದು ಎಂದು ನಾನು ಮೆಲ್ಲಗೆ ಹೇಳಿದೆ. ಬುಟ್ಟಿ ಎಲ್ಲಿದೆ ಎಂದು ಕೇಳಿ ಅದನ್ನೂ ಖಾಲಿ ಮಾಡಿಸಿದ. ಆಮೇಲೆ ಎದ್ದು, "ನಡಿ, ಮನಿಗೆ ಬಿಡ್ತೀನಿ. ಹೊಸಾ ನಾಯಿ ಬರದ್ರಾತು, ಕೌಜಲಗಿಯೊಳಗ ನಾಯಿಗೇನ ಬರಗಾಲೇನ?" ಎಂದ.

ಸ್ಕೂಟರಿನ ಹಿಂದೆ ಕೂತೆ. ಕ್ಲಾಸಿನಿಂದ ನಮ್ಮ ಮನೆಗೆ ದೊಡ್ಡ ರಸ್ತೆ ನೆಟ್ಟಗೆ ಹೋಗುತ್ತದೆ. ಕಾರ್ಖಾನೆಯ ಟ್ರ್ಯಾಕ್ಟರುಗಳು ಆ ಹೊತ್ತಿಗೆ ಅಲ್ಲಿ ಸಾಲುಸಾಲಾಗಿ ಬರುತ್ತವೆ. ಮಾಮಾ ಆ ಕಡೆ ತಿರುಗಲೇ ಇಲ್ಲ. ಮಾರ್ಕೆಟ್ಟಿನ ಹಿಂದಿನ ಸಂದಿ ಹಿಡಿದು, ಹೊಳೆ ದಂಡೆಗೆ ಇಳಿದು, ಯಾರದೋ ಹಿತ್ತಲು, ಇನ್ಯಾರದೋ ಗೊಬ್ಬರದ ಗುಂಡಿ ಸುತ್ತಿ, ಎಮ್ಮೆಗಳಿಗೆ ದಾರಿ ಬಿಡುತ್ತ ನಿಧಾನಕ್ಕೆ ಓಡಿಸಿದ. ಇಡೀ ದಾರಿಯಲ್ಲಿ ಒಂದು ಟ್ರ್ಯಾಕ್ಟರೂ ಎದುರಾಗಲಿಲ್ಲ.

"ಯಾಕ ಮಾಮಾ ಈ ಕಡೆ ಬಂದಿ?" ಎಂದು ಕೇಳಿದೆ.

"ಈ ಕಡೆ ನೆರಳ ಐತಿ," ಎಂದ.

ಹೊತ್ತು ಮುಳುಗಿ, ಆಗಲೇ ಮನೆಗಳಲ್ಲಿ ದೀಪ ಹಚ್ಚಿದ್ದರು. ಹೌದು ಮಾಮಾ, ನೆರಳು ಚೆನ್ನಾಗಿದೆ ಎಂದು ಹೇಳಿ, ಅವನ ಆ ಬಡಕಲು ಕೈಗೆ ಭಾರವಾಗದಂತೆ ಇನ್ನೊಂದು ಹೆಗಲನ್ನು ಹಿಡಿದುಕೊಂಡೆ.